ತಂಗಿ ಮದುವೆಗೆ ಫೋಟೋಗ್ರಾಫರ್ ಗೊತ್ತು ಮಾಡಬೇಕು: ಏನು ನೋಡಬೇಕು, ಏನು ಕೇಳಬೇಕು? (ದಾವಣಗೆರೆ)

ವಿದ್ಯಾನಗರದ ಅಣ್ಣ

ಎಲ್ಲರಿಗೂ ನಮಸ್ಕಾರ. ತಂಗಿ ಮದುವೆ ಮಾಘ ಮಾಸಕ್ಕೆ ನಿಶ್ಚಯ ಆಗಿದೆ. ಛತ್ರ ದಾವಣಗೆರೆಯಲ್ಲೇ. ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಮುಹೂರ್ತ. ಬೀಗರು ಚಿತ್ರದುರ್ಗದವರು. ಅಪ್ಪ ಇಲ್ಲ, ಹಾಗಾಗಿ ಓಡಾಟ ಎಲ್ಲ ನಂದೇ. ಧಾರೆ ಚಿಕ್ಕಪ್ಪ ಚಿಕ್ಕಮ್ಮ ಎರೀತಾರೆ.

ಛತ್ರ, ಅಡುಗೆಯವರು, ವಾಲಗ ಎಲ್ಲ ಆಯ್ತು. ಫೋಟೋದವರ ವಿಷಯದಲ್ಲಿ ತಲೆ ಕೆಟ್ಟಿದೆ. ನಾಲ್ಕೈದು ಜನ ಕೊಟ್ಟ ಪ್ಯಾಕೇಜ್ ಪಟ್ಟಿ ಮುಂದಿದೆ. ಎಲ್ಲದರಲ್ಲೂ ಕ್ಯಾಂಡಿಡ್, ಸಿನಿಮ್ಯಾಟಿಕ್, ಡ್ರೋನ್, ಎಲ್‌ಇಡಿ ವಾಲ್ ಅಂತ ಇದೆ, ರೇಟು ಮಾತ್ರ ಒಂದಕ್ಕೊಂದು ತಾಳೆ ಇಲ್ಲ. ಯಾವುದರ ಮೇಲೆ ಆರಿಸೋದು? ತಿಳಿದವರು ಹೇಳಿ.

ಮಂಡಿಪೇಟೆ

ಇನ್‌ಸ್ಟಾಗ್ರಾಂ ಪೇಜ್ ನೋಡಿ ಸಾಕು. ಯಾರದು ಚೆನ್ನಾಗೈತೋ ಅವರಿಗೆ ಅಡ್ವಾನ್ಸ್ ಕೊಟ್ಟು ಡೇಟ್ ಹಿಡಿದುಬಿಡ್ರಿ. ಮಾಘದಾಗೆ ಮುಹೂರ್ತ ಜಾಸ್ತಿ, ತಡ ಮಾಡಿದ್ರೆ ಒಳ್ಳೆಯವರು ಸಿಗಂಗಿಲ್ಲ.

ಬೆಳಕಿಂಡಿ

ಬೇಗ ಹಿಡಿಯಬೇಕು ಅನ್ನೋದು ಸರಿ. ಆದರೆ ಪೇಜ್ ನೋಡಿ ತೀರ್ಮಾನ ಮಾಡಬೇಡಿ. ಅಲ್ಲಿರೋದು ಬೇರೆ ಬೇರೆ ಮದುವೆಗಳಿಂದ ಆರಿಸಿದ ಒಂದೊಂದು ಚಿತ್ರ. ನೀವು ಕೇಳಬೇಕಾದ್ದು ಒಂದೇ ಮದುವೆಯ ಇಡೀ ಆಲ್ಬಂ, ಅರಿಶಿನದಿಂದ ಹಿಡಿದು ಹೆಣ್ಣು ಒಪ್ಪಿಸೋವರೆಗೆ. ಅದೂ ನಿಮ್ಮಂಥ ಛತ್ರದಲ್ಲೇ ತೆಗೆದದ್ದು. ಬಯಲು, ಸಂಜೆ ಬೆಳಕು, ಇಬ್ಬರೇ ನಿಂತ ಜೋಡಿ ಸಿಕ್ಕರೆ ಚೆನ್ನಾಗಿ ತೆಗೆಯೋರು ಬಹಳ ಜನ ಇದ್ದಾರೆ. ಛತ್ರದ ಒಳಗೆ, ಹೋಮದ ಹೊಗೆಯಲ್ಲಿ, ಪುರೋಹಿತರ ಭುಜದ ಸಂದಿಯಿಂದ ತೆಗೆಯೋದು ಬೇರೆ ಕೆಲಸ.

ಆಲ್ಬಂ ಕೈಗೆ ಬಂದ ಮೇಲೆ ಮದುಮಕ್ಕಳನ್ನ ಬಿಟ್ಟು ಉಳಿದವರನ್ನ ನೋಡಿ. ಗುಂಪು ಫೋಟೋದಲ್ಲಿ ಮೂರನೇ ಸಾಲಿನವರ ಮುಖ ಸ್ಪಷ್ಟ ಇದೆಯಾ? ಎರಡೂ ಕಡೆ ತುದಿಯಲ್ಲಿ ನಿಂತವರ ಮೈ ಅಗಲ ಆಗಿ ಎಳೆದಂತೆ ಕಾಣ್ತಿದೆಯಾ? ಧಾರೆ ಸೀರೆಯ ಬಣ್ಣ ಮೊದಲ ಪುಟದಲ್ಲೂ ಹತ್ತನೇ ಪುಟದಲ್ಲೂ ಒಂದೇ ಇದೆಯಾ? ಅಜ್ಜ ಅಜ್ಜಿಯರು ಎಷ್ಟು ಕಡೆ ಇದ್ದಾರೆ? ಊಟದ ಪಂಕ್ತಿ, ಬಾಗಿಲಲ್ಲಿ ಪನ್ನೀರು ಹಾಕೋ ಮಕ್ಕಳು, ಹಾರ ಹಿಡಿದು ನಿಂತ ಗೆಳತಿಯರು ಇದ್ದಾರಾ? ಇಡೀ ಪುಸ್ತಕದಲ್ಲಿ ಬರೀ ಇಬ್ಬರೇ ಇದ್ದರೆ ಆ ಮನೆಯವರಿಗೆ ಹತ್ತು ವರ್ಷ ಆದ ಮೇಲೆ ಅದರಲ್ಲಿ ಹುಡುಕೋಕೆ ಏನೂ ಇರಲ್ಲ.

ನಾನು ದಾವಣಗೆರೆಯಲ್ಲಿ ಬಹಳ ವರ್ಷದಿಂದ ಮದುವೆ, ತೊಟ್ಟಿಲು, ಮನೆಮಂದಿ ಫೋಟೋ ತೆಗೆಯುತ್ತ ಬಂದಿದ್ದೇನೆ. ನನ್ನ ನಂಬಿಕೆ ಇದು: ಮದುವೆ ಫೋಟೋದ ಅರ್ಧ ಕೆಲಸ ಮದುವೆಗೆ ಮುಂಚೆ, ಮನೆಯ ಪಡಸಾಲೆಯಲ್ಲಿ ಕೂತು ಮಾತಾಡುವಾಗ ಮುಗಿಯಬೇಕು. ಯಾವ ಪೋಸ್ ಬೇಕು ಅಂತ ನಾನು ಕೇಳಲ್ಲ. ಯಾರು ಯಾರು ಅಂತ ಕೇಳ್ತೀನಿ. ಹುಡುಗಿಯನ್ನ ಸಾಕಿದ್ದು ಯಾರು? ಸೋದರಮಾವ ಯಾರು, ಒಬ್ಬರೋ ಮೂವರೋ? ಮೆಟ್ಟಿಲು ಹತ್ತೋಕೆ ಆಗದವರು ಯಾರಿದ್ದಾರೆ? ದೂರದಿಂದ ಬಂದು ಊಟ ಮಾಡಿ ಮೊದಲ ಬಸ್ಸಿಗೆ ಹೊರಡೋರು ಯಾರು? ಮಾತು ಬಿಟ್ಟಿರೋ ಅಣ್ಣತಮ್ಮಂದಿರು ಇದ್ದಾರಾ, ಅವರನ್ನ ಒಂದೇ ಸಾಲಿಗೆ ಕರೆಯಬಹುದಾ? ಇದನ್ನೆಲ್ಲ ಕೇಳದೆ ಬಂದ ತಂಡಕ್ಕೆ ಛತ್ರದಲ್ಲಿ ಕೂತ ಎಂಟುನೂರು ಜನರೂ ಒಂದೇ ಥರ ಕಾಣ್ತಾರೆ.

ಆಮೇಲೆ ಶಾಸ್ತ್ರ. ನಮ್ಮ ಸೀಮೆಯಲ್ಲಿ ಒಂದೇ ಜಾತಿಯೊಳಗೂ ಹೊನ್ನಾಳಿ ಕಡೆ ಮನೆಗೂ ಜಗಳೂರು ಕಡೆ ಮನೆಗೂ ಪದ್ಧತಿ ಬೇರೆ. ಒಬ್ಬರಲ್ಲಿ ಪಂಚಕಳಸ, ಬಾಸಿಂಗ, ಸುರಿಗೆ ನೂಲು ಸುತ್ತೋದು. ಇನ್ನೊಬ್ಬರಲ್ಲಿ ಅಂತರಪಟ, ಜೀರಿಗೆ ಬೆಲ್ಲ, ಸಪ್ತಪದಿ. ಮತ್ತೊಬ್ಬರಲ್ಲಿ ಕುಂಬಾರರ ಮನೆಯಿಂದ ಐರಾಣಿ ಗಡಿಗೆ ತರೋದು. ಅಂತರಪಟ ಸರಿದು ಇಬ್ಬರೂ ಒಬ್ಬರನ್ನೊಬ್ಬರು ನೋಡೋ ಗಳಿಗೆ ಕಣ್ಣು ಮಿಟುಕಿಸೋ ಅಷ್ಟು ಹೊತ್ತು. ಆಗ ಎಲ್ಲಿ ನಿಂತಿರಬೇಕು ಅಂತ ಮೊದಲೇ ಗೊತ್ತಿಲ್ಲದಿದ್ದರೆ ಎಷ್ಟು ದುಬಾರಿ ಕ್ಯಾಮೆರಾ ಇದ್ದರೂ ಸಿಕ್ಕೋದು ಪುರೋಹಿತರ ಬೆನ್ನು.

ಆದ್ದರಿಂದ ನಿಮ್ಮ ಪಟ್ಟಿಯಲ್ಲಿರೋ ನಾಲ್ಕೈದು ಜನರನ್ನ ಮನೆಗೆ ಕರೀರಿ, ಕಾಫಿ ಕೊಡಿ. ಅವರು ನಿಮ್ಮನ್ನ ಏನು ಕೇಳ್ತಾರೆ ಗಮನಿಸಿ. ಬರೀ ದಿನಾಂಕ, ಬಜೆಟ್ ಕೇಳಿ ಎದ್ದು ಹೋದವರು ಮದುವೆ ದಿನವೂ ಹಾಗೇ ಇರ್ತಾರೆ.

ಸೀರೆ ಮಡಿಕೆ

ಬೆಳಕಿಂಡಿಯವರ ಮಾತಿಗೆ ಒಂದು ಸೇರಿಸ್ತೀನಿ. ನಾನು ಹೆಂಗಸು, ಇದೇ ಕೆಲಸ ಮಾಡ್ತೀನಿ. ತಂಡದಲ್ಲಿ ಒಬ್ಬಳಾದರೂ ಹೆಣ್ಣುಮಗಳು ಇದ್ದಾಳಾ ಅಂತ ದಯವಿಟ್ಟು ಕೇಳಿ. ಸೀರೆ ಉಡಿಸೋ ಕೋಣೆಗೆ ಗಂಡಸರು ಕ್ಯಾಮೆರಾ ಹಿಡಿದು ಬಂದರೆ ಮದುಮಗಳು ಬಿಗಿಯಾಗ್ತಾಳೆ, ಆ ಬಿಗಿತ ಮುಖದಲ್ಲಿ ದಿನವಿಡೀ ಉಳಿಯುತ್ತೆ. ಎಷ್ಟೋ ಹುಡುಗಿಯರು ಬಾಯಿಬಿಟ್ಟು ಹೇಳಲ್ಲ. ನಿಖಾಹ್ ಇದ್ದ ಕಡೆ ಹೆಂಗಸರ ವಿಭಾಗಕ್ಕೆ ಗಂಡಸರು ಹೋಗೋ ಹಾಗೇ ಇರಲ್ಲ, ಅಲ್ಲಿ ನಮ್ಮಂಥವರು ಇಲ್ಲದಿದ್ದರೆ ಮದುವೆಯ ಅರ್ಧ ಭಾಗದ ಫೋಟೋನೇ ಇರಲ್ಲ.

ಇನ್ನೊಂದು, ಊಟ. ಬೆಳಗಿನ ಜಾವ ನಾಲ್ಕಕ್ಕೆ ಎದ್ದ ಹುಡುಗಿ ಮುಹೂರ್ತ ಮುಗಿಯೋವರೆಗೆ ಉಪವಾಸ. ಅದು ಮುಗಿದ ತಕ್ಷಣ "ಇಲ್ನೋಡಿ, ನಗಿ" ಅಂತ ಎರಡು ಗಂಟೆ ವೇದಿಕೆ ಮೇಲೆ ನಿಲ್ಲಿಸ್ತಾರೆ. ನಾನು ಗುಂಪು ಫೋಟೋ ಶುರು ಮಾಡೋಕೆ ಮುಂಚೆ ಹತ್ತು ನಿಮಿಷ ಕ್ಯಾಮೆರಾ ಕೆಳಗಿಟ್ಟು, ಒಂದು ಲೋಟ ಮಜ್ಜಿಗೆ, ಒಂದು ಬಾಳೆಹಣ್ಣು ಕೊಡಿಸ್ತೀನಿ. ಆಮೇಲಿನ ಫೋಟೋಗಳಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. ಪ್ರೀ-ವೆಡ್ಡಿಂಗ್‌ನಲ್ಲೂ ಅಷ್ಟೆ, ತಬ್ಬಿಕೊಳ್ಳಿ, ಎತ್ತಿಕೊಳ್ಳಿ ಅಂತ ಒತ್ತಾಯ ಮಾಡೋರ ಹತ್ತಿರ ಹೋಗಬೇಡಿ. ನಿಶ್ಚಿತಾರ್ಥದಲ್ಲಿ ಎರಡು ಮಾತು ಆಡಿರೋ ಜೋಡಿ ಅದು. ಸುಮ್ಮನೆ ಜೊತೆಯಲ್ಲಿ ನಡೆಯೋಕೆ ಬಿಟ್ಟರೆ ಹತ್ತು ನಿಮಿಷಕ್ಕೆ ತಾವೇ ಮಾತಿಗೆ ಶುರು ಮಾಡ್ತಾರೆ.

ಹರಪನಹಳ್ಳಿ ಸೊಸೆ

ನಾನು ಬರೀಬೇಕೋ ಬೇಡವೋ ಅಂತ ಯೋಚಿಸ್ತಿದ್ದೆ. ನಮ್ಮ ಮದುವೆ ಆಲ್ಬಂನಲ್ಲಿ ನಮ್ಮಮ್ಮ ಇಲ್ಲ. ಅಪ್ಪ ತೀರಿಕೊಂಡು ಎರಡು ವರ್ಷ ಆಗಿತ್ತು. ಅಮ್ಮ ತಾವಾಗಿಯೇ ಹಿಂದೆ ಸರಿದು ಅಡುಗೆಮನೆ, ಉಗ್ರಾಣ ನೋಡಿಕೊಂಡರು. ನಾವೂ ಆ ಗಲಾಟೆಯಲ್ಲಿ ಕರೆಯಲಿಲ್ಲ, ಫೋಟೋದವರಿಗೆ ಅವರು ಯಾರು ಅಂತ ಗೊತ್ತೇ ಇರಲಿಲ್ಲ. ವಿಡಿಯೋದಲ್ಲಿ ಒಂದು ಕಡೆ ಕೊಡಪಾನ ಹಿಡಿದು ಹಿಂದೆ ದಾಟಿ ಹೋಗ್ತಾರೆ, ಅಷ್ಟೆ. ವಿದ್ಯಾನಗರದವರು ಅಪ್ಪ ಇಲ್ಲ ಅಂತ ಬರೆದಿದ್ದು ನೋಡಿ ಇದನ್ನ ಹೇಳಬೇಕು ಅನ್ನಿಸ್ತು.

ಬೆಳಕಿಂಡಿ

ತಾಯಿ, ನೀವು ಬರೆದದ್ದು ಒಳ್ಳೆಯದಾಯ್ತು. ಇದು ಒಂದು ಮನೆಯ ಕಥೆ ಅಲ್ಲ, ನಮ್ಮ ಕಡೆ ಎಷ್ಟೋ ಆಲ್ಬಂನಲ್ಲಿ ಹೀಗೇ ಆಗಿದೆ. ಗಂಡ ತೀರಿಕೊಂಡ ಹೆಂಗಸರು ಆರತಿ ಎತ್ತಬಾರದು, ಮುಂದೆ ನಿಲ್ಲಬಾರದು ಅಂತ ಯಾರೋ ಒಬ್ಬರು ಗೊಣಗಿದರೆ ಸಾಕು, ಹೆತ್ತವಳು ಉಗ್ರಾಣ ಸೇರ್ತಾಳೆ. ಶಾಸ್ತ್ರದ ವಿಚಾರ ಮನೆಯವರಿಗೆ ಬಿಟ್ಟಿದ್ದು. ಅಲ್ಲಿ ನಾನು ಬಾಯಿ ಹಾಕಲ್ಲ. ಆದರೆ ಫೋಟೋಗೆ ಯಾವ ಶಾಸ್ತ್ರವೂ ಅಡ್ಡ ಇಲ್ಲ. ನನ್ನ ಕೆಲಸದಲ್ಲಿ ಇದು ಕಟ್ಟಳೆ: ಗುಂಪು ಫೋಟೋದ ಮೊದಲ ಕರೆಯೇ ತಾಯಂದಿರದು. ತಂದೆ ಇರಲಿ ಇಲ್ಲದಿರಲಿ, ವೇದಿಕೆಗೆ ಜನ ಸಾಲು ಹಚ್ಚೋಕೆ ಮುಂಚೆ ಕರೆಯೋದು. ಮೈಕಿನಲ್ಲಿ ಕೂಗಲ್ಲ, ಹುಡುಗನ್ನ ಕಳಿಸಿ ಕೈ ಹಿಡಿದು ಕರೆತರೋಕೆ ಹೇಳ್ತೀನಿ. ಫೋಟೋದವರು ಕರೀತಿದ್ದಾರೆ ಅಂದರೆ ಯಾರೂ ತಕರಾರು ಮಾಡಲ್ಲ. ಆ ಒಂದು ಸಲುಗೆ ನಮ್ಮ ಕಸುಬಿಗೆ ಇದೆ, ಅದನ್ನ ಬಳಸಬೇಕು.

ವಿದ್ಯಾನಗರದ ಅಣ್ಣ, ನಿಮ್ಮ ತಾಯಿ ಜೊತೆ ತಂಗಿಯದು ಮನೆಯಲ್ಲೇ ಒಂದು ತೆಗೆಸಿ. ಚಪ್ಪರದ ದಿನ ಬೆಳಗ್ಗೆ, ನೆಂಟರು ಬರೋಕೆ ಮುಂಚೆ, ಕಿಟಕಿ ಪಕ್ಕ ಕೂರಿಸಿ. ತಂದೆಯವರ ಫೋಟೋ ಗೋಡೆ ಮೇಲಿದ್ದರೆ ಅದೂ ಚೌಕಟ್ಟಿನೊಳಗೆ ಬರೋ ಹಾಗೆ. ಈಗ ಕೆಲವರು ತೀರಿಕೊಂಡವರನ್ನ ಕಂಪ್ಯೂಟರಿನಲ್ಲಿ ಮದುಮಕ್ಕಳ ಪಕ್ಕ ನಿಲ್ಲಿಸಿ ಕೊಡ್ತಾರೆ. ಮನೆಯವರು ಕೇಳದೆ ಅದನ್ನ ಮಾಡಬಾರದು. ಕೆಲವು ತಾಯಂದಿರಿಗೆ ಸಮಾಧಾನ ಸಿಗುತ್ತೆ, ಕೆಲವರಿಗೆ ಗಾಯ ಕೆದಕಿದಂತೆ ಆಗುತ್ತೆ.

ವಿದ್ಯಾನಗರದ ಅಣ್ಣ

ಓದಿ ಎದ್ದು ಹೋಗಿ ಅಮ್ಮನ ಹತ್ತಿರ ಮಾತಾಡಿ ಬಂದೆ. "ನಾನ್ಯಾಕೋ ಫೋಟೋಕ್ಕೆ" ಅಂದ್ರು. ಚಿಕ್ಕಮ್ಮನೂ ಕೂತು ಒಪ್ಪಿಸಿದ್ರು. ಹರಪನಹಳ್ಳಿಯವರಿಗೆ ತುಂಬ ಧನ್ಯವಾದ.

ಮುಂಗಾರು

ನಾನೂ ಫೋಟೋಗ್ರಾಫರ್, ಈ ಕೆಲಸಕ್ಕೆ ಬಂದು ಸ್ವಲ್ಪ ವರ್ಷ. ಹಿರಿಯರ ಮಾತು ಗೌರವದಿಂದ ಕೇಳ್ತೀನಿ, ಆದ್ರೆ ಮಾರ್ಕೆಟ್ ಬೇರೆ ಐತಿ ಸರ್. ಮನೆಗೆ ಹೋಗಿ ಕೂತು ಮಾತಾಡಾಕೆ ನಾವು ರೆಡಿ. ಅವರು ಫೋನಿನಾಗೆ ಮೂರು ಪ್ರಶ್ನೆ ಕೇಳ್ತಾರೆ: ಎಷ್ಟು, ಡ್ರೋನ್ ಐತಾ, ರೀಲ್ಸ್ ಎಷ್ಟು ದಿನಕ್ಕೆ ಕೊಡ್ತೀರಿ. ಅಜ್ಜಿ ಫೋಟೋ ಚೆನ್ನಾಗಿ ತೆಗೀತೀನಿ ಅಂದ್ರೆ ಯಾರೂ ದುಡ್ಡು ಜಾಸ್ತಿ ಕೊಡಂಗಿಲ್ಲ. ಪಕ್ಕದವನು ಹದಿನೈದು ಸಾವಿರ ಕಮ್ಮಿ ಹೇಳಿದ್ರೆ ಅವನ ಹತ್ರ ಹೋಗ್ತಾರೆ. ಲೆನ್ಸಿನ ಇಎಂಐ ನಾವು ಕಟ್ಟಬೇಕು. ಮತ್ತೆ ಮದುಮಕ್ಕಳಿಗೆ ರೀಲ್ಸ್ ಬೇಕು ಅಂದ್ರೆ ಅದೇನು ತಪ್ಪಾ?

ಬೆಳಕಿಂಡಿ

ತಪ್ಪಲ್ಲ. ರೀಲ್ಸ್ ಮಾಡಿಕೊಡಿ, ಚೆನ್ನಾಗಿ ಮಾಡಿಕೊಡಿ, ಅವರ ವಯಸ್ಸಿನ ಸಂತೋಷ ಅದು. ನನ್ನ ಮಾತು ಬೇರೆ. ರೀಲ್ಸಿನ ಆಯಸ್ಸು ಒಂದು ವಾರ, ಅದಕ್ಕೆ ಅಜ್ಜಿಯ ಫೋಟೋ ಬಲಿ ಆಗಬಾರದು. ದರದ ವಿಷಯದಲ್ಲಿ ನಿಮ್ಮ ಸಂಕಟ ನಿಜ. ಆದರೆ ಮನೆಯಲ್ಲಿ ಕೂತು ಮಾತಾಡಿದವರಿಗೆ ಅದೇ ಮನೆಯ ತೊಟ್ಟಿಲು, ಗೃಹಪ್ರವೇಶ, ತಮ್ಮನ ಮದುವೆ ಎಲ್ಲ ಬರುತ್ತೆ. ಜಾಹೀರಾತಿಗೆ ಕಾಸು ಹಾಕದೆ ನನ್ನ ಕೆಲಸ ನಡೀತಿರೋದು ಹೀಗೇ. ಮೊದಲ ಕೆಲವು ವರ್ಷ ಕಷ್ಟ, ಅದನ್ನ ಮುಚ್ಚಿಡಲ್ಲ.

ಬೆಳಕಿನ ವಿಷಯ ಇಲ್ಲೇ ಬರೀತೀನಿ, ನಿಮ್ಮಂಥ ಕಿರಿಯರಿಗೂ ಉಪಯೋಗ ಆಗಲಿ. ಈಗಿನ ಛತ್ರಗಳಲ್ಲಿ ನಮಗೆ ದೊಡ್ಡ ಕಾಟ ವೇದಿಕೆಯ ನೇರಳೆ, ನೀಲಿ ಎಲ್‌ಇಡಿ ದೀಪ. ಅರಿಶಿನ ಹಚ್ಚಿದ ಮುಖಕ್ಕೆ ನೇರಳೆ ಬಿದ್ದರೆ ಚರ್ಮ ಬೂದಿ ಬಣ್ಣಕ್ಕೆ ತಿರುಗುತ್ತೆ. ಅದನ್ನ ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡ್ತೀನಿ ಅನ್ನೋದು ಸುಳ್ಳು ಧೈರ್ಯ, ಯಾಕಂದ್ರೆ ಆ ಬೆಳಕಿನಲ್ಲಿ ಹಸಿರಿನ ಅಂಶ, ನೀಲಿಯಾದರೆ ಕೆಂಪಿನ ಅಂಶವೂ, ಬಹುತೇಕ ಇರಲ್ಲ, ಇಲ್ಲದ್ದನ್ನ ತರೋಕೆ ಆಗಲ್ಲ. ಅರಿಶಿನ ಶಾಸ್ತ್ರಕ್ಕೆ ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸೋ ಸೆಟ್ಟಿಂಗ್) ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಹಳದಿಯನ್ನ ತಪ್ಪು ಅಂದುಕೊಂಡು ನೀಲಿ ಬೆರೆಸುತ್ತೆ. ಕೈಯಾರೆ ಹಾಕಿ, ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದ ಮೂಲ ಫೈಲು) ತೆಗೀರಿ.

ದೀಪ ಮಿಣುಕೋ ಸಮಸ್ಯೆ ಇನ್ನೊಂದು. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತೆ. ಶಟರ್ (ಬೆಳಕು ಒಳಬಿಡೋ ಹೊತ್ತು) ಸೆಕೆಂಡಿನ 1/50 ಅಥವಾ 1/100ರಲ್ಲಿ ಇಟ್ಟರೆ ಛತ್ರದ ಮಾಮೂಲಿ ದೀಪದ ಪಟ್ಟೆ ಬೀಳಲ್ಲ. 1/500ಕ್ಕೆ ಏರಿಸಿದರೆ ಒಂದು ಫೋಟೋ ಬೆಳ್ಳಗೆ, ಇನ್ನೊಂದು ಮಂಕು. ಎಲ್‌ಇಡಿ ವಾಲ್‌ನ ಲೆಕ್ಕ ಬೇರೆ, ಒಂದೊಂದು ಗೋಡೆಗೆ ಒಂದೊಂದು ವೇಗ. ಹಿಂದಿನ ಸಂಜೆ ಆರತಕ್ಷತೆ ಶುರು ಆಗೋಕೆ ಮುಂಚೆ ಹೋಗಿ ನಾಲ್ಕು ಫೋಟೋ ತೆಗೆದು ನೋಡೋದೇ ದಾರಿ.

ಫ್ಲ್ಯಾಶ್ ಛಾವಣಿಗೆ ಹೊಡೆದು ಬೌನ್ಸ್ ಮಾಡೋದು ಮನೆಯಲ್ಲಿ ಸರಿ. ಛತ್ರದ ಛಾವಣಿ ಎತ್ತರ, ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ. ಅದರ ಬದಲು ವೇದಿಕೆಯ ಎರಡೂ ಮೂಲೆಯಲ್ಲಿ ಸ್ಟ್ಯಾಂಡ್ ಹಾಕಿ ದೀಪ ಇಡಿ, ಜನರ ಕಾಲು ತಗುಲಿ ಉರುಳದ ಹಾಗೆ ಮರಳುಚೀಲ ಕಟ್ಟಿ. ಹೋಮದ ಹೊಗೆ ಇರುವಾಗ ಕ್ಯಾಮೆರಾ ಮೇಲಿನ ಫ್ಲ್ಯಾಶ್ ಆರಿಸಿಬಿಡಿ, ಇಲ್ಲದಿದ್ದರೆ ಹೊಗೆಯೇ ಬೆಳಗುತ್ತೆ. ಪಕ್ಕದಿಂದ ಬಂದ ಬೆಳಕಿನಲ್ಲಿ ಅದೇ ಹೊಗೆ ಎಷ್ಟು ಚೆಂದ ಕಾಣುತ್ತೆ! ಮೂರು ಸಾಲಿನ ಗುಂಪಿಗೆ ಲೆನ್ಸಿನ ಕಿಂಡಿ ಎಫ್ 8ರ ಹತ್ತಿರ, ಲೆನ್ಸು 35ರಿಂದ 50 ಎಂಎಂ ನಡುವೆ, ಇನ್ನೂ ಅಗಲ ಬೇಕಾದರೆ ನೀವೇ ಹಿಂದೆ ಸರೀರಿ.

ಬೆಣ್ಣೆನಗರಿ

ನಾನು ಒಬ್ಬ ತಾಯಿಯಾಗಿ ಹೇಳ್ತೀನಿ. ಮಗಳ ಮದುವೆ ಫೋಟೋದಲ್ಲಿ ಸ್ವಲ್ಪ ಬೆಳ್ಳಗೆ ಕಾಣಲಿ ಅಂತ ನಾನೇ ಕೇಳಿದ್ದೆ, ಮಾಡಿಕೊಟ್ಟರು. ಅದರಲ್ಲಿ ತಪ್ಪೇನು? ಎಲ್ಲ ತಾಯಂದಿರಿಗೂ ಆಸೆ ಇರುತ್ತೆ.

ಸೀರೆ ಮಡಿಕೆ

ಅಮ್ಮ, ಆಸೆ ಅರ್ಥ ಆಗುತ್ತೆ. ಆದರೆ ಬಿಳಿ ಮಾಡುವಾಗ ಬರೀ ಬಣ್ಣ ಹೋಗಲ್ಲ. ಕೆನ್ನೆಯ ಗುಳಿ, ಕಣ್ಣಿನ ಕೆಳಗಿನ ನೆರಳು, ಗದ್ದದ ಮಚ್ಚೆ ಎಲ್ಲ ಹೋಗಿ ಮುಖ ಸಪಾಟಾಗುತ್ತೆ. ಪಕ್ಕದಲ್ಲಿ ಅಪ್ಪ ತನ್ನ ಬಣ್ಣದಲ್ಲೇ ನಿಂತಿರ್ತಾರೆ, ಮಗಳು ಬೇರೆ ಮನೆಯವಳ ಹಾಗೆ ಕಾಣ್ತಾಳೆ. ನನ್ನ ಹತ್ತಿರ ಕೇಳಿದವರಿಗೆ ಒಂದೇ ಫೋಟೋವನ್ನ ಎರಡು ಥರ ಮಾಡಿ ತೋರಿಸ್ತೀನಿ: ಒಂದು ಬೆಳ್ಳಗೆ ಮಾಡಿದ್ದು, ಇನ್ನೊಂದು ಒಳ್ಳೆ ಬೆಳಕಿನಲ್ಲಿ ಅವಳ ಬಣ್ಣವೇ ಹೊಳೆಯೋ ಹಾಗೆ ತೆಗೆದದ್ದು. ಬಹಳ ಜನ ಎರಡನೇದನ್ನೇ ಆರಿಸ್ತಾರೆ. ಮೊಡವೆ ಕಲೆ ತೆಗೀತೀನಿ, ಅದು ಹೋಗೋದು. ಬಣ್ಣ ಮುಟ್ಟಲ್ಲ.

ಸೀರೆಗೂ ಇದು ಅನ್ವಯ. ಮೊಳಕಾಲ್ಮೂರು ಸೀರೆ ಉಟ್ಟವರ ಫೋಟೋದಲ್ಲಿ ಮುಖ ಬೆಳ್ಳಗೆ ಮಾಡೋಕೆ ಹೋಗಿ ಸೀರೆಯ ಅಂಚಿನ ಬಣ್ಣವೂ ತೊಳೆದುಹೋಗಿದ್ದನ್ನ ನೋಡಿದ್ದೀನಿ. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಮಗ್ಗದ ಸೀರೆ, ನೇಯ್ದವರ ಕೈಕೆಲಸ ಅದರ ಬಣ್ಣದಲ್ಲೇ ಇರೋದು.

ಬೆಣ್ಣೆನಗರಿ

ನಿಮ್ಮ ಮಾತು ಯೋಚಿಸೋ ಹಾಗಿದೆ. ಆದರೂ ನಮ್ಮ ಆಲ್ಬಂ ನನಗೆ ಇಷ್ಟವೇ. ಇನ್ನೊಬ್ಬಳು ಮಗಳಿದ್ದಾಳೆ, ಅವಳದಕ್ಕೆ ಎರಡೂ ಥರ ಕೇಳಿ ನೋಡ್ತೀನಿ.

ಕೋಟೆ ಬೀದಿ

ಬೀಗರು ದುರ್ಗದವರು ಅಂದ್ರಿ, ಪ್ರೀ-ವೆಡ್ಡಿಂಗ್ ಅಂದ ಕೂಡಲೇ ಎಲ್ಲರೂ ಕೋಟೆ ಅಂತಾರೆ, ಅದಕ್ಕೇ ಹೇಳ್ತಿದೀನಿ. ಏಳು ಸುತ್ತಿನ ಕೋಟೆ ಪುರಾತತ್ವ ಸರ್ವೇಕ್ಷಣ ಇಲಾಖೆ ಕೈಲಿದೆ. ಮೊಬೈಲಿನಲ್ಲಿ ನಾಲ್ಕು ಫೋಟೋ ಬೇರೆ. ಟ್ರೈಪಾಡ್, ದೀಪ, ಬಟ್ಟೆ ಬದಲಾವಣೆ ಅಂತ ತಂಡ ಕಟ್ಟಿಕೊಂಡು ಹೋದರೆ ಮೊದಲೇ ಅನುಮತಿ ತಗೋಬೇಕು. ಬಾಗಿಲಲ್ಲೇ ವಾಪಸ್ ಕಳಿಸಿದ ಜೋಡಿಗಳನ್ನ ಕಣ್ಣಾರೆ ಕಂಡಿದೀನಿ, ಪಾಪ ರೇಷ್ಮೆ ಸೀರೆ ಉಟ್ಟು ಬಿಸಿಲಲ್ಲಿ ನಿಂತಿದ್ರು. ಡ್ರೋನ್ ಅಂತೂ ಅನುಮತಿ ಇಲ್ಲದೆ ಆಗಲ್ಲ. ಜೋಗಿಮಟ್ಟಿ ಅರಣ್ಯ ಇಲಾಖೆಯದು, ಅಲ್ಲೂ ಕೇಳಿಕೊಂಡೇ ಹೋಗಿ. ಡ್ರೋನ್ ಹಾರಿಸೋರ ಹತ್ತಿರ ಕಾಗದ ಇದೆಯಾ ಕೇಳಿ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂ ಮೀರಿದ ಡ್ರೋನನ್ನ ದುಡಿಮೆಗೆ ಬಳಸೋರಿಗೆ ಪೈಲಟ್ ಪ್ರಮಾಣಪತ್ರ ಇರಬೇಕು.

ಬಂಡೆ ಬಿಸಿಲು ಕುಡಿದು ಸಂಜೆವರೆಗೂ ಕಾಯ್ದಿರುತ್ತೆ. ಬೆಳಗ್ಗೆ ಬಾಗಿಲು ತೆರೆದ ಮೊದಲ ಗಂಟೆ ಹೋಗಿ. ಕೈಯಲ್ಲಿ ನೀರಿರಲಿ, ಹಿಮ್ಮಡಿ ಚಪ್ಪಲಿ ಬೇಡವೇ ಬೇಡ.

ಅಡಿಕೆ ಸೀಮೆ

ಚನ್ನಗಿರಿ ಕಡೆ ತೋಟಕ್ಕೂ ಬರ್ತಾರೆ ಫೋಟೋಕ್ಕೆ. ಬನ್ನಿ, ತೋಟದವರನ್ನ ಒಂದು ಮಾತು ಕೇಳಿ ಬನ್ನಿ. ನೀರು ಬಿಟ್ಟ ದಿನ ಆದ್ರೆ ಸೀರೆ ನೆರಿಗೆ ತುಂಬ ಕೆಸರು. ಇನ್ನೊಂದು ನೋಡಿದ್ದು, ತೋಟದ ಫೋಟೋದಲ್ಲಿ ಮುಖ ಎಲ್ಲ ಹಸಿರು ಹೊಡೆಯುತ್ತೆ. ಅದ್ಯಾಕೆ?

ಬೆಳಕಿಂಡಿ

ಸೋಗೆಯಿಂದ ಸೋಸಿ ಬರೋ ಬೆಳಕು, ನೆಲದ ಹುಲ್ಲಿನಿಂದ ಪುಟಿಯೋ ಬೆಳಕು, ಎರಡೂ ಹಸಿರು. ಬಿಳಿ ರಿಫ್ಲೆಕ್ಟರ್ ಹಿಡಿದರೆ ಅಥವಾ ತೋಟದ ಅಂಚಿಗೆ, ಆಕಾಶ ಕಾಣೋ ಕಡೆಗೆ ಮುಖ ಮಾಡಿ ನಿಲ್ಲಿಸಿದರೆ ಸರಿಹೋಗುತ್ತೆ. ಮಧ್ಯಾಹ್ನ ಮುಖದ ಮೇಲೆ ಬಿಸಿಲಿನ ಚುಕ್ಕೆ ಬೀಳುತ್ತೆ, ಆಗ ಬೇಡ.

ಕರಿಕೋಟು

ವಕೀಲಿ ಮಾಡ್ತೀನಿ, ಒಂದು ಕಾನೂನಿನ ಅಂಶ ಬಹಳ ಜನಕ್ಕೆ ತಿಳಿದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಯಾರೋ ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದೇ. ಅಂದ್ರೆ ಏನೂ ಬರೆದುಕೊಳ್ಳದೆ ಇದ್ದರೆ ಮದುವೆ ಫೋಟೋದ ಹಕ್ಕು ನಿಮ್ಮದು. ಎಷ್ಟೋ ಸ್ಟುಡಿಯೋಗಳ ಛಾಪಿಸಿದ ಒಪ್ಪಂದದಲ್ಲಿ ಕೊನೆಗೆ ಸಣ್ಣಕ್ಷರದಲ್ಲಿ ಹಕ್ಕು ತಮ್ಮದು ಅಂತ ಇರುತ್ತೆ, ಓದಿ ಸಹಿ ಹಾಕಿ. ಪೇಜಿನಲ್ಲಿ ಹಾಕೋಕೆ ನಿಮ್ಮ ಒಪ್ಪಿಗೆ ಬೇಕು ಅಂತ ಬರೆಸಿ, ಮಕ್ಕಳ ಫೋಟೋ ಬಗ್ಗೆ ಬೇರೆಯಾಗಿ ಬರೆಸಿ. ಆಲ್ಬಂ ಯಾವ ದಿನಾಂಕದೊಳಗೆ, ಮುಂಗಡ ಎಷ್ಟು, ಬಾಕಿ ಯಾವಾಗ, ಆ ದಿನ ಫೋಟೋಗ್ರಾಫರ್‌ಗೆ ಜ್ವರ ಬಂದರೆ ಯಾರು ಬರ್ತಾರೆ, ಇವಿಷ್ಟು ಒಂದು ಹಾಳೆಯಲ್ಲಿ ಇರಲಿ. ವೇಳೆಗೆ ಆಲ್ಬಂ ಕೊಡದ ಜಗಳಗಳು ಬರ್ತಾನೇ ಇರ್ತವೆ, ಬಹುಪಾಲು ಮಾತಿನ ಒಪ್ಪಂದದವು.

ಆಲ್ಬಂ ಹಾಳೆ

ಆಲ್ಬಂ ಡಿಸೈನ್ ಮಾಡೋನು ನಾನು. ತಡ ಆಗೋದರಲ್ಲಿ ನಮ್ಮ ಪಾಲೂ ಇದೆ, ಗಿರಾಕಿಗಳ ಪಾಲೂ ಇದೆ. ಮೂರು ಸಾವಿರ ಫೋಟೋ ಪೆನ್‌ಡ್ರೈವಿನಲ್ಲಿ ಕೊಟ್ಟು "ನೂರೈವತ್ತು ಆರಿಸಿ" ಅಂದ್ರೆ ಮನೆಯವರು ಆಷಾಢ ಕಳೆದರೂ ಆರಿಸಲ್ಲ. ಒಳ್ಳೆ ಫೋಟೋಗ್ರಾಫರ್ ತಾನೇ ಮೊದಲು ಜರಡಿ ಹಿಡಿದು ಕೊಡ್ತಾನೆ.

12×36 ಇಂಚಿನ ಹಾಳೆಯಲ್ಲಿ ನಡುವೆ ಮಡಿಕೆ ಬರುತ್ತೆ. ಮುಖ ಮಡಿಕೆಗೆ ಬೀಳಬಾರದು. 24 ಮೆಗಾಪಿಕ್ಸೆಲ್ ಫೋಟೋ ಅಗಲಕ್ಕೆ 6000 ಚುಕ್ಕೆ ಇರುತ್ತೆ, ಅದನ್ನ 36 ಇಂಚಿಗೆ ಹರಡಿದರೆ ಇಂಚಿಗೆ 166. ಅದು ನಡೆಯುತ್ತೆ. ಆದರೆ ಗುಂಪಿನಿಂದ ಒಬ್ಬರ ಮುಖ ಕತ್ತರಿಸಿ ಇಡೀ ಹಾಳೆಗೆ ಹಾಕಿ ಅಂದ್ರೆ ಒಡೆದುಹೋಗುತ್ತೆ. ಹಿನ್ನೆಲೆಗೆ ತಾಜ್‌ಮಹಲ್, ಗುಲಾಬಿ, ಹಂಸ ಬೇಡ ಅಂತ ಹೇಳಿ, ಹಾಳೆ ತಾನೇ ಹಗುರಾಗುತ್ತೆ. ಅಚ್ಚಿಗೆ ಕಳಿಸೋಕೆ ಮುಂಚೆ ಹೆಸರಿನ ಅಕ್ಷರ ಮನೆಯವರೇ ಓದಿ ನೋಡಬೇಕು.

ಹೊಳೆಸಾಲು

ಹರಿಹರದಿಂದ. ಹೊಸ ಮದುವೆ ಮಾತಿನ ನಡುವೆ ಹಳೇದೊಂದು ಕೇಳ್ತೀನಿ. ನಮ್ಮ ಮದುವೆ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿದೆ. ಬೀರುವಿನಲ್ಲಿತ್ತು, ಈಗ ಟೇಪಿನ ಮೇಲೆ ಬಿಳೀ ಬೂಷ್ಟು ಕಾಣ್ತಿದೆ. ಹಳೇ ಆಲ್ಬಂ ಅಂಟು ಹಾಳೆಯದು, ಫೋಟೋ ಬಿಡಿಸೋಕೆ ಬರ್ತಿಲ್ಲ. ಕ್ಯಾಸೆಟ್ಟಿನಲ್ಲಿ ನಮ್ಮ ತಂದೆ ಮಾತಾಡೋ ಧ್ವನಿ ಇದೆ. ಉಳಿಸಬಹುದಾ?

ಬೆಳಕಿಂಡಿ

ಬಹುಮಟ್ಟಿಗೆ ಉಳಿಸಬಹುದು. ಮೊದಲ ಮಾತು, ಆ ಕ್ಯಾಸೆಟ್ಟನ್ನ ಯಾವ ಪ್ಲೇಯರಿಗೂ ಹಾಕಬೇಡಿ. ಬೂಷ್ಟು ಟೇಪು ಓದೋ ಹೆಡ್ಡಿಗೆ ಅಂಟುತ್ತೆ, ಟೇಪು ಹರಿಯುತ್ತೆ, ಆಮೇಲೆ ಹಾಕಿದ ಕ್ಯಾಸೆಟ್ಟಿಗೂ ಹಬ್ಬುತ್ತೆ. ಒಣ ಜಾಗದಲ್ಲಿ ನೇರ ನಿಲ್ಲಿಸಿ ಇಡಿ. ಬೂಷ್ಟು ತೆಗೆದು ಡಿಜಿಟಲ್ ಮಾಡಿಕೊಡೋರ ಹತ್ತಿರ ಕೊಡಿ, ಕೊಡೋಕೆ ಮುಂಚೆ ಹೇಗೆ ಶುಚಿ ಮಾಡ್ತೀರಿ ಅಂತ ಕೇಳಿ. ನೇರ ಪ್ಲೇಯರಿಗೆ ಹಾಕ್ತೀವಿ ಅಂದವರ ಹತ್ತಿರ ಬೇಡ. ತಡ ಮಾಡಬೇಡಿ, ಟೇಪಿನ ಕಾಂತೀಯ ಪದರ ವರ್ಷ ಕಳೆದಂತೆ ಸಡಿಲ ಆಗ್ತಾ ಹೋಗುತ್ತೆ. ಧ್ವನಿ ಸಿಕ್ಕ ದಿನ ಅದನ್ನ ಬೇರೆ ಫೈಲಾಗಿಯೂ ತೆಗೆಸಿಡಿ.

ಅಂಟು ಹಾಳೆಯ ಫೋಟೋ ಎಳೆಯಬೇಡಿ, ಹಾಳೆ ಸಮೇತ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ. ಆಮೇಲೆ ಬೇಕಾದರೆ ತೆಳು ನೂಲನ್ನ ಹಿಂಬದಿಗೆ ಆಡಿಸಿ ನಿಧಾನ ಬಿಡಿಸಬಹುದು.

ಇದು ಹೊಸ ಮದುವೆಯವರಿಗೂ ಸಂಬಂಧಪಟ್ಟದ್ದೇ. ಪೆನ್‌ಡ್ರೈವ್ ಕೈಗೆ ಬಂತು ಅಂದರೆ ಕೆಲಸ ಮುಗೀಲಿಲ್ಲ. ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಬೇರೆ ಮನೆಯಲ್ಲಿ. ಒಂದನ್ನ ತಂಗಿ ಗಂಡನ ಮನೆಗೆ ಒಯ್ಯಲಿ, ಒಂದು ನಿಮ್ಮಲ್ಲಿರಲಿ, ಇನ್ನೊಂದು ಕ್ಲೌಡಿನಲ್ಲಿ. ವರ್ಷಕ್ಕೊಮ್ಮೆ, ಮದುವೆ ದಿನವೇ ಆಗಲಿ, ತೆರೆದು ನೋಡಿ ತೆರೆದುಕೊಳ್ಳುತ್ತಾ ಅಂತ. ಫೋಟೋಗ್ರಾಫರ್ ಕಡೆಯೂ ಕೇಳಿ: ಕ್ಯಾಮೆರಾದಲ್ಲಿ ಎರಡು ಕಾರ್ಡಿಗೆ ಒಟ್ಟಿಗೆ ಬರೆಯುತ್ತಾ, ಆ ರಾತ್ರಿಯೇ ನಕಲು ತೆಗೀತೀರಾ, ಆಲ್ಬಂ ಕೊಡೋವರೆಗೆ ಮೂಲ ಇಟ್ಟಿರ್ತೀರಾ. ಮತ್ತೆ ಮುಖ್ಯವಾದ ನಲವತ್ತು ಐವತ್ತನ್ನ ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿ ಪೆನ್ಸಿಲಿನಲ್ಲಿ ಹೆಸರು ಬರೀರಿ. ನಮ್ಮ ಅಜ್ಜಂದಿರ ಕಾಲದ ಕಪ್ಪುಬಿಳುಪು ಫೋಟೋ ಈಗಲೂ ನೋಡೋಕೆ ಸಿಗ್ತವೆ, ಆದರೆ ಅದರಲ್ಲಿ ನಿಂತವರು ಯಾರು ಅಂತ ಹೇಳೋರು ಮನೆಯಲ್ಲಿ ಉಳಿದಿಲ್ಲ.

ವಿದ್ಯಾನಗರದ ಅಣ್ಣ

ಇಷ್ಟು ವಿವರ ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ. ಇಬ್ಬರನ್ನ ಮನೆಗೆ ಕರೆದಿದ್ದೆ. ಒಬ್ಬರು ಪ್ಯಾಕೇಜ್ ಹೇಳಿ ಹೋದರು. ಇನ್ನೊಬ್ಬರ ಜೊತೆ ಒಬ್ಬ ಹೆಣ್ಣುಮಗಳು ಬಂದಿದ್ದಳು, ಅಮ್ಮನ ಹತ್ತಿರ ಅಡುಗೆಮನೆಯಲ್ಲಿ ಕೂತು ಅರ್ಧ ಗಂಟೆ ಮಾತಾಡಿ ನೆಂಟರ ಹೆಸರೆಲ್ಲ ಬರೆದುಕೊಂಡಳು. ಅವರಿಗೇ ಗೊತ್ತು ಮಾಡಿದ್ದೀವಿ. ಡ್ರೋನ್ ಕೈಬಿಟ್ಟು ಆ ದುಡ್ಡಲ್ಲಿ ಎರಡನೇ ಆಲ್ಬಂ, ಅಮ್ಮನಿಗೆ ಚಿಕ್ಕದು.

ಕೊನೆಯದೊಂದು ಪ್ರಶ್ನೆ. ಮುಹೂರ್ತ ಬೆಳಗ್ಗೆ ಏಳೂಕಾಲಕ್ಕೆ. ತಂಡ ಎಷ್ಟು ಹೊತ್ತಿಗೆ ಬರಬೇಕು? ವೇದಿಕೆ ದೀಪದ ವಿಷಯ ಯಾರಿಗೆ ಹೇಳೋದು, ಛತ್ರದವರಿಗೋ ಡೆಕೊರೇಷನ್‌ನವರಿಗೋ?

ಬೆಳಕಿಂಡಿ

ಒಳ್ಳೆ ಆಯ್ಕೆ. ಮಾಘದಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟೋದು ಆರೂಮುಕ್ಕಾಲರ ಆಸುಪಾಸು. ಅಂದರೆ ಶೃಂಗಾರ ಪೂರ್ತಿ ಕತ್ತಲಲ್ಲಿ, ಟ್ಯೂಬ್‌ಲೈಟಿನಲ್ಲಿ ನಡೆಯುತ್ತೆ. ತಂಡದ ಹೆಣ್ಣುಮಗಳು ನಾಲ್ಕೂವರೆಗೆ ಮದುಮಗಳ ಕೋಣೆಯಲ್ಲಿರಲಿ, ಉಳಿದವರು ಐದೂವರೆಗೆ ಮಂಟಪದಲ್ಲಿ. ಪುರೋಹಿತರು ಬಂದ ಕೂಡಲೇ ನಮಸ್ಕಾರ ಹೇಳಿ ಯಾವ ಕಡೆ ಕೂರ್ತೀರಿ, ತಾಳಿ ಕಟ್ಟುವಾಗ ಹುಡುಗ ಯಾವ ಪಕ್ಕ ನಿಲ್ತಾನೆ ಅಂತ ಕೇಳಿಕೊಳ್ಳಲಿ. ಸೋದರಮಾವಂದಿರಿಗೂ ಮೊದಲೇ ಒಂದು ಮಾತು ಹೇಳಿಡಿ, ತಾಳಿ ಕಟ್ಟೋ ಹೊತ್ತಿಗೆ ಎಲ್ಲರೂ ಮೊಬೈಲ್ ಎತ್ತಿ ಮುಂದೆ ಬಂದರೆ ಯಾರಿಗೂ ಏನೂ ಕಾಣಲ್ಲ.

ದೀಪದ ಮಾತು ಡೆಕೊರೇಷನ್‌ನವರಿಗೆ ಹೇಳಬೇಕು, ಮೇಲಿನ ಬಣ್ಣದ ದೀಪ ಸಾಮಾನ್ಯವಾಗಿ ಅವರು ತಂದದ್ದು. ಆರತಕ್ಷತೆಗೆ ಬಣ್ಣ ಎಷ್ಟು ಬೇಕಾದರೂ ಹಾಕಲಿ. ಬೆಳಗ್ಗೆ ಮುಹೂರ್ತಕ್ಕೆ ಬರೀ ಬಿಳಿ ಅಥವಾ ಹಳದಿ ಬಿಳಿ, ನೇರಳೆ ನೀಲಿ ಆರಿಸಿರಬೇಕು ಅಂತ ಅವರ ಚೀಟಿಯಲ್ಲೇ ಈಗಲೇ ಬರೆಸಿ. ಸ್ವಿಚ್ ಹಾಕೋ ಹುಡುಗ ರಾತ್ರಿ ತಡವಾಗಿ ಮಲಗಿ ಬೆಳಗ್ಗೆ ಸಿಗಲ್ಲ, ಯಾವ ಸ್ವಿಚ್ ಯಾವುದು ಅಂತ ಹಿಂದಿನ ರಾತ್ರಿಯೇ ನಿಮ್ಮ ಮನೆಯ ಒಬ್ಬ ಹುಡುಗನಿಗೆ ತೋರಿಸಿರಲಿ.